ನಿಮ್ಮ ಹಲ್ಲಿನ ಪಾಚಿಯನ್ನು ನೀವೇ ನೋಡುವುದು ಹೇಗೆ?

ಬೆಳಿಗ್ಗೆ ಎದ್ದ ಕೂಡಲೇ ಹಲ್ಲಿನ ಬುಡವನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಮೆತ್ತಗಿನ ಬಿಳಿ ಪದರ ಬರುತ್ತದೆ, ಅಲ್ವಾ? ಕಲಬುರಗಿಯ ನಮ್ಮ ಮನೆಯಲ್ಲಿ ಅದು ರಾತ್ರಿ ತಿಂದ ರೊಟ್ಟಿ, ಶೇಂಗಾ ಹಿಂಡಿಯ ಉಳಿಕೆ ಅಂತಲೇ ತಿಳಿದಿದ್ದೆವು. ಹಾಗಲ್ಲ. ಅದೇ ಪಾಚಿ, ಬ್ಯಾಕ್ಟೀರಿಯಾಗಳು ತುಂಬಿದ ಊರು. ಒಂದು ಮಿಲಿಗ್ರಾಂ ಪಾಚಿಯಲ್ಲೇ 10 ಕೋಟಿಗೂ ಹೆಚ್ಚು ಇರುತ್ತವೆ. ಒಂದೂ ಹುಳುಕು ಹಲ್ಲಿಲ್ಲದವರ ಬಾಯಲ್ಲೂ ಇರುತ್ತವೆ.

1683ರಲ್ಲಿ ಹಾಲೆಂಡಿನ ಲೇವೆನ್‌ಹುಕ್ ಎಂಬವರು ತಮ್ಮ ಹಲ್ಲಿನ ಈ ಬಿಳಿ ಪದರವನ್ನು ಮಳೆನೀರಿನಲ್ಲಿ ಕಲಸಿ ಮಸೂರದ ಕೆಳಗಿಟ್ಟರು. ಪುಟ್ಟ ಜೀವಿಗಳು ಓಡಾಡುತ್ತಿದ್ದವು. ಅವರು ನಮ್ಮ ಹಿರಿಯರಂತೆ ದಿನವೂ ಉಪ್ಪು ಹಾಕಿ ಹಲ್ಲುಜ್ಜುತ್ತಿದ್ದವರು!

ನಮಗೆ ಮಸೂರ ಬೇಡ. ಕಿರಾಣಿ ಅಂಗಡಿಯಲ್ಲಿ ಸಿಗುವ ತಿನ್ನುವ ಕೆಂಪು ಬಣ್ಣ ಸಾಕು. ರಂಗೋಲಿ ಬಣ್ಣ ಮಾತ್ರ ಬೇಡವೇ ಬೇಡ. ರಾತ್ರಿ ಹಲ್ಲುಜ್ಜುವ ಮೊದಲು ತುಟಿಗೆ ತುಪ್ಪ ಸವರಿ. ಎರಡು ಚಮಚ ನೀರಿಗೆ ಕೆಲವು ಹನಿ ಬಣ್ಣ ಹಾಕಿ, ಅರ್ಧ ನಿಮಿಷ ಬಾಯಲ್ಲಿ ಆಡಿಸಿ ಉಗುಳಿ. ಒಮ್ಮೆ ಮುಕ್ಕಳಿಸಿ ಕನ್ನಡಿ ನೋಡಿ. ಪಾಚಿ ಇದ್ದಲ್ಲೆಲ್ಲ ಕೆಂಪು ಉಳಿದಿರುತ್ತದೆ. ನನಗೆ ಕೆಳಗಿನ ಮುಂದಿನ ಹಲ್ಲುಗಳ ಒಳಬದಿ ಪೂರ್ತಿ ಕೆಂಪಾಗಿತ್ತು. ಚೆನ್ನಾಗಿ ಉಜ್ಜುತ್ತೇನೆ ಅಂದುಕೊಂಡಿದ್ದವಳು ನಾನು!

ಈ ಬ್ಯಾಕ್ಟೀರಿಯಾಗಳನ್ನೆಲ್ಲ ಕೊಂದುಬಿಡೋಣ ಅಂತ ಹೊರಡಬೇಡಿ. ಉಜ್ಜಿದ ಕೆಲವೇ ನಿಮಿಷಕ್ಕೆ ಜೊಲ್ಲಿನ ತೆಳು ಪೊರೆ ಹಲ್ಲಿಗೆ ಅಂಟುತ್ತದೆ. ಅದರ ಮೇಲೆ ಮೊದಲು ಬಂದು ಕೂರುವವರಲ್ಲಿ ಸ್ಟ್ರೆಪ್ಟೊಕಾಕಸ್ ಸಾಂಗ್ವಿನಿಸ್ ಎಂಬ ಬ್ಯಾಕ್ಟೀರಿಯಾವೂ ಒಬ್ಬ. ಹೈಡ್ರೋಜನ್ ಪೆರಾಕ್ಸೈಡ್ ಎಂಬ ರಾಸಾಯನಿಕವನ್ನು ಹೊರಸೂಸಿ, ಹುಳುಕು ತರುವ ಮ್ಯೂಟನ್ಸ್ ಎಂಬ ದಾಯಾದಿಯನ್ನು ತಡೆಯುವವನೂ ಇವನೇ. ಒಳ್ಳೆಯವರು ಇರಲಿ, ಪದರ ತೆಳ್ಳಗಿರಲಿ. ಇಷ್ಟೇ ನಮ್ಮ ಕೆಲಸ. ಆದರೆ ದಿನಕ್ಕೆ ಐದಾರು ಸಲ ಸಿಹಿ ಚಹಾ ಕುಡಿದರೆ, ಆ ಸಕ್ಕರೆ ಪಾಚಿಯಲ್ಲಿ ಹುಳಿಯಾಗಿ, ಹುಳಿ ಇಷ್ಟಪಡುವ ಮ್ಯೂಟನ್ಸ್‌ಗೆ ಹಬ್ಬ.

ಮೆತ್ತನೆಯ ಬ್ರಷ್ಷನ್ನು ವಸಡಿನ ಕಡೆ ಓರೆಯಾಗಿ ಹಿಡಿದು, ಎರಡು ನಿಮಿಷ ಸಣ್ಣಗೆ ಆಡಿಸಿ. ಫ್ಲೋರೈಡ್ ಪೇಸ್ಟ್ ಇರಲಿ. ಕೆಂಪು ಉಳಿದ ಕಡೆ ಇನ್ನೊಮ್ಮೆ. ಹಲ್ಲಿನ ಸಂದಿಗೆ ದಾರ (ಫ್ಲಾಸ್). ಬೇವಿನ ಕಡ್ಡಿ ಬಳಸುವವರು ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಳ್ಳಿ. ಮಿಶ್ರಿ ಹಚ್ಚುವವರಿಗೆ ಕೈಮುಗಿದು ಹೇಳುತ್ತೇನೆ, ಅದು ಸುಟ್ಟ ತಂಬಾಕು, ದಯವಿಟ್ಟು ಬಿಡಿ.

ಉಜ್ಜುವಾಗ ರಕ್ತ ಬಂದರೆ ಆ ಜಾಗ ಬಿಟ್ಟುಬಿಡಬೇಡಿ, ಮೆಲ್ಲಗೆ ಉಜ್ಜುತ್ತಲೇ ಇರಿ. ಎರಡು ವಾರವಾದರೂ ನಿಲ್ಲದಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಗಟ್ಟಿಯಾದ ಹಳದಿ ಕಿಟ್ಟವೂ ಬ್ರಷ್ಷಿಗೆ ಬಗ್ಗುವುದಿಲ್ಲ, ಅದನ್ನು ಅವರೇ ತೆಗೆಯಬೇಕು.

ವಾರ ಬಿಟ್ಟು ಮತ್ತೆ ಬಣ್ಣ ಹಾಕಿ ನೋಡಿ. ನನ್ನ ಕೆಳಹಲ್ಲುಗಳ ಹಿಂದೆ ಈಗ ಒಂದು ಸಣ್ಣ ಗೆರೆಯಷ್ಟೇ ಕೆಂಪು ಉಳಿದಿದೆ.