ಹಳೆಯ ಇಂಗ್ಲಿಷ್ ಓದಲು ಕೊಪ್ಪಳದಿಂದ ಶುರು ಮಾಡಿ

ಬಳ್ಳಾರಿ, ಕೊಪ್ಪಳದ ಕಡೆ ಇಂಗ್ಲಿಷ್ ಎಂಎ ಸೇರಿದವರಿಗೆ ಹಳೆಯ ಇಂಗ್ಲಿಷ್, ಅಂದರೆ ಸುಮಾರು 1100ರವರೆಗಿನ ಇಂಗ್ಲಿಷ್, ಎದುರಾದರೆ ಗಾಬರಿಯಾಗುತ್ತದೆ, ಅಲ್ವಾ?

ಮೊದಲು ಎರಡೇ ಇಸವಿ ನೆನಪಿಡಿ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದರು, ಆಮೇಲೆ ಫ್ರೆಂಚ್ ಪದಗಳು ಹರಿದುಬಂದವು. 1476ರಲ್ಲಿ ಇಂಗ್ಲೆಂಡಿನ ಮೊದಲ ಮುದ್ರಕ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಹಾಕಿದ. ಕವಿ ಚಾಸರ್ ಇವೆರಡರ ನಡುವಿನವನು, ತೀರಿಕೊಂಡದ್ದು 1400ರಲ್ಲಿ.

ಇನ್ನು ಹಳೆಯ ಇಂಗ್ಲಿಷಿನ ವೀರಕಾವ್ಯ ಬೇವುಲ್ಫ್. ಸುಮ್ನೆ ಸಾರಾಂಶ ಬಾಯಿಪಾಠ ಮಾಡಬೇಡಿ. ಒಳ್ಳೆಯ ಅನುವಾದ ಹಿಡಿದು ಓದಿ, ಮೂಲದ ಹತ್ತು ಸಾಲನ್ನಾದರೂ ಕಿವಿಯಾರೆ ಕೇಳಿ. ಸಾಲಿನ ನಡುವೆ ಒಂದು ನಿಲುಗಡೆ ಇರುತ್ತದೆ, ಅದರ ಎರಡೂ ಕಡೆ ಒತ್ತುಳ್ಳ ಪದಗಳು ಒಂದೇ ಸದ್ದಿನಿಂದ ಶುರುವಾಗುತ್ತವೆ. ನಮ್ಮ ಹಳಗನ್ನಡದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂರುತ್ತದೆ, ಅವರದು ಪದದ ಮೊದಲ ಸದ್ದಿನಲ್ಲಿ, ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೇ ನನಗೆ ಆ ಕಾವ್ಯ ಕಿವಿಗೆ ಹತ್ತಿದ್ದು.

ಕಾಲವನ್ನೂ ಹೀಗೇ ಜೋಡಿಸಿ. ಕೊಪ್ಪಳವನ್ನು ಕೊಪಣನಗರ ಅಂತ ಹೆಸರಿಸುವ ಕವಿರಾಜಮಾರ್ಗ ಸುಮಾರು 850ರದ್ದು. ಲ್ಯಾಟಿನ್ ಪುಸ್ತಕಗಳನ್ನು ಇಂಗ್ಲಿಷಿಗೆ ತರಿಸಿದ ರಾಜ ಆಲ್ಫ್ರೆಡ್ ಪಟ್ಟಕ್ಕೆ ಬಂದದ್ದು 871ರಲ್ಲಿ. ಬೇವುಲ್ಫ್‌ನ ಉಳಿದಿರುವ ಒಂದೇ ಹಸ್ತಪ್ರತಿ ಸುಮಾರು 1000ನೇ ಇಸವಿಯದು. ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.