ಮೂರು ಸಣ್ಣ ತೂತು ಅಷ್ಟೆ ಅಂದಿದ್ದರು: ನನ್ನ ಭುಜದ ಆಪರೇಷನ್ ಆದಮೇಲೆ

ನನ್ನ ಬಲ ಭುಜದ ಆಪರೇಷನ್ ಆಗಿ ಈಗ ಎಂಟು ತಿಂಗಳು. ಮಳೆಗಾಲದಲ್ಲಿ ಹಿತ್ತಲಿನ ಪಾಚಿ ಮೇಲೆ ಜಾರಿ ಕೈ ಊರಿ ಬಿದ್ದಿದ್ದೆ. ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದುಕೊಂಡು ಎರಡು ತಿಂಗಳು ತಳ್ಳಿದೆ. ಅಟ್ಟದ ಮೇಲಿನ ಡಬ್ಬಿ ಇರಲಿ, ತಲೆ ಬಾಚೋಕೂ ಕೈ ಏಳದಾದಾಗ ಎಮ್‌ಆರ್‌ಐ ಮಾಡಿಸಿದೆವು. ರೊಟೇಟರ್ ಕಫ್ ಹರಿದಿತ್ತು. ಭುಜದ ಗುಂಡನ್ನು ಗುಳಿಯಲ್ಲಿ ಹಿಡಿದಿಡುವ ನಾಲ್ಕು ಮಾಂಸಖಂಡಗಳಿವೆ, ಅದರಲ್ಲಿ ಮೇಲಿನದರ ನಾರು ಮೂಳೆಯಿಂದ ಕಿತ್ತು ಬಂದಿತ್ತು.

ಕೀಹೋಲ್ ಆಪರೇಷನ್, ಮೂರು ಸಣ್ಣ ತೂತು ಅಷ್ಟೆ ಅಂದಾಗ, ಹದಿನೈದು ದಿನಕ್ಕೆ ಒಲೆ ಮುಂದೆ ನಿಲ್ಲುತ್ತೇನೆ ಅಂತ ಲೆಕ್ಕ ಹಾಕಿದ್ದೆ. ತೂತು ಬೇಗ ಮಾಯುತ್ತದೆ, ನಿಜ. ಆದರೆ ಒಳಗೆ ಮೂಳೆಗೆ ಮೊಳೆಯಂಥ ಆಂಕರ್ ಕೂರಿಸಿ, ಕಿತ್ತ ನಾರನ್ನು ದಾರದಿಂದ ಬಿಗಿದಿರುತ್ತಾರೆ. ಆ ನಾರು ಮೂಳೆಗೆ ಸರಿಯಾಗಿ ಕಚ್ಚಿಕೊಳ್ಳೋಕೆ ಮೂರು ತಿಂಗಳಾದರೂ ಬೇಕು. ಮೊದಮೊದಲು ಅದನ್ನು ಹಿಡಿದಿರುವುದು ಬರೀ ದಾರ. ಇದನ್ನು ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ನನ್ನ ಅರ್ಧ ಅವಸರ ಕಡಿಮೆಯಾಗುತ್ತಿತ್ತು.

ಮೊದಲ ರಾತ್ರಿ ನಾನು ಮೋಸಹೋದೆ. ಕತ್ತಿನ ಬುಡಕ್ಕೆ ಇಂಜೆಕ್ಷನ್ ಕೊಟ್ಟು ಕೈ ಮರಗಟ್ಟಿಸಿದ್ದರು. ಸಂಜೆಯೆಲ್ಲ ನೋವೇ ಇಲ್ಲ, ಸುಮ್ನೆ ಯಾಕೆ ಮಾತ್ರೆ ಅಂತ ಬಿಟ್ಟೆ. ರಾತ್ರಿ ಮೂರು ಗಂಟೆಗೆ ಮರಗಟ್ಟಿದ್ದು ಬಿಟ್ಟಿತು ನೋಡಿ, ಹೆರಿಗೆ ನೋವೇ ವಾಸಿ ಅನ್ನಿಸಿತು. ಡಾಕ್ಟರು ಬರೆದ ಮಾತ್ರೆಯನ್ನು ಕೈಗೆ ಸ್ಪರ್ಶ ಬರುವ ಮೊದಲೇ, ಹೇಳಿದ ಹೊತ್ತಿಗೆ ನುಂಗಿಬಿಡಿ.

ನಿದ್ದೆಯದ್ದು ದೊಡ್ಡ ಕಥೆ. ಅಂಗಾತ ಮಲಗಿದರೆ ಭುಜ ಹಿಂದಕ್ಕೆ ಜಗ್ಗಿ ಜೀವ ಹೋಗುತ್ತಿತ್ತು. ಗೋಡೆಗೆ ನಾಲ್ಕು ದಿಂಬು ಒಟ್ಟಿ ಐದು ವಾರ ಅರ್ಧ ಕೂತೇ ಮಲಗಿದೆ. ಫಿಸಿಯೋ ಹುಡುಗಿ ಒಂದು ಉಪಾಯ ಹೇಳಿಕೊಟ್ಟಳು: "ಆಂಟಿ, ಮಲಗಿದಾಗಲೂ ನಿಮ್ಮ ಮೊಣಕೈ ನಿಮ್ಮ ಕಣ್ಣಿಗೆ ಕಾಣಬೇಕು." ಕಾಣಲಿಲ್ಲ ಅಂದರೆ ಅದು ಹಿಂದಕ್ಕೆ ಬಿದ್ದಿದೆ ಅಂತ ಅರ್ಥ. ಮೊಣಕೈ ಕೆಳಗೆ ಮಡಿಸಿದ ಟವೆಲ್ ಇಟ್ಟ ದಿನದಿಂದ ಎರಡು ಗಂಟೆ ಒಟ್ಟಿಗೆ ನಿದ್ದೆ ಬರತೊಡಗಿತು.

ಬಟ್ಟೆ ಹಾಕುವಾಗ ನೋವಿನ ಕೈ ಮೊದಲು, ಬಿಚ್ಚುವಾಗ ಅದೇ ಕಡೆಗೆ. ಮುಂದೆ ಗುಂಡಿ ಇರುವ ನೈಟಿ ಇಲ್ಲದಿದ್ದರೆ ಗಂಡನ ಹಳೇ ಅಂಗಿ ಸಾಕು. ಕಂಕುಳು ತೊಳೆಯೋಕೆ ಕೈ ಎತ್ತಬಾರದು, ಸೊಂಟ ಬಗ್ಗಿಸಿ ಕೈಯನ್ನು ತಾನಾಗಿ ಜೋತುಬಿಟ್ಟರೆ ಜಾಗ ಸಿಗುತ್ತದೆ. ಊಟ ಎಡಗೈಯಲ್ಲಿ, ಚಮಚದಲ್ಲಿ. ನಮ್ಮತ್ತೆ ಮೊದಲ ದಿನ "ಅಯ್ಯೋ, ಎಡಗೈಯಲ್ಲಿ ಉಣ್ತೀಯಲ್ಲೇ" ಅಂತ ಮುಖ ತಿರುಗಿಸಿದರು, ಮೂರನೇ ದಿನ ಅವರೇ ಅನ್ನ ಕಲಸಿ ಬಾಯಿಗಿಟ್ಟರು.

ಬೆರಳು, ಮಣಿಕಟ್ಟು, ಮೊಣಕೈ ಆಡಿಸುವುದು ಮರುದಿನದಿಂದಲೇ ಶುರು. ಎರಡನೇ ವಾರ ಬಗ್ಗಿ ನಿಂತು ಕೈಯನ್ನು ಗಡಿಯಾರದ ಲೋಲಕದಂತೆ ತೂಗುವುದು. ಆರನೇ ವಾರಕ್ಕೆ ಸ್ಲಿಂಗ್, ಅಂದರೆ ಕೈಯನ್ನು ಕತ್ತಿಗೆ ತೂಗುಹಾಕಿದ್ದ ಪಟ್ಟಿ, ಬಿಚ್ಚಿದರು. ಆಮೇಲೆ ಬಾಗಿಲಿಗೆ ರಾಟೆ ಕಟ್ಟಿ ಎಡಗೈಯಿಂದ ಬಲಗೈಯನ್ನು ಸೇದಿಕೊಳ್ಳುವುದು, ಗೋಡೆ ಮೇಲೆ ಬೆರಳು ನಡೆಸುವುದು. ಬೆರಳು ಮುಟ್ಟಿದ ಕಡೆ ಪೆನ್ಸಿಲ್‌ನಲ್ಲಿ ತಾರೀಕು ಬರೆದೆ. ಹೊಸ ಪೇಂಟು ಹಾಳಾಯಿತು ಅಂತ ಇವರು ಗೊಣಗಿದರು, ಗೊಣಗಲಿ ಬಿಡಿ. ಒಂದು ವಾರ ಗೆರೆ ಒಂದೇ ಕಡೆ ನಿಲ್ಲುತ್ತಿತ್ತು, ಮುಂದಿನ ವಾರ ನಾಲ್ಕು ಬೆರಳಷ್ಟು ಮೇಲೆ. ವ್ಯಾಯಾಮಕ್ಕೆ ಮೊದಲು ಸ್ವಲ್ಪ ಶಾಖ, ಮುಗಿದಮೇಲೆ ಬಟ್ಟೆ ಸುತ್ತಿದ ಐಸ್ ಹದಿನೈದು ನಿಮಿಷ. ರಬ್ಬರ್ ಬ್ಯಾಂಡ್ ಎಳೆಯುವುದು ಹನ್ನೆರಡು ವಾರ ಕಳೆದಮೇಲೆ.

ನನಗೆ ಶುಗರ್ ಇದೆ. ಶುಗರ್ ಇದ್ದವರಿಗೆ ಭುಜ ಬಿಗಿದುಕೊಳ್ಳುವ ಸಾಧ್ಯತೆ ಜಾಸ್ತಿ, ಹೊಲಿಗೆ ಕೀವಾಗುವ ಭಯವೂ ಜಾಸ್ತಿ. ಹಾಗಾಗಿ ಆ ಮೂರು ತಿಂಗಳು, ನೋಡಲು ಬಂದವರು ತಂದ ಸ್ವೀಟು ಮುಟ್ಟಲಿಲ್ಲ. ಮುಟ್ಟಲೇ ಇಲ್ಲ ಅಂದರೆ ಸುಳ್ಳಾಗುತ್ತದೆ, ಒಂದು ಸಲ ಮೈಸೂರ್ ಪಾಕ್.

ತಪ್ಪು ಮಾಡಿದ್ದು ಏಳನೇ ವಾರದಲ್ಲಿ, ನೋವು ಜಾಸ್ತಿ ಇದ್ದಾಗ ಅಲ್ಲ, ಪೂರ್ತಿ ಇಲ್ಲದಾಗ. ಸ್ಲಿಂಗ್ ಹೋಗಿದೆ, ಕೈ ಹಗುರ, ಮನೆಯಲ್ಲಿ ಯಾರೂ ಇಲ್ಲ, ಇಡ್ಲಿ ಹಿಟ್ಟು ರುಬ್ಬಿ ಆಗಿದೆ, ಸರಿ ಅಂತ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಬಿಟ್ಟೆ. ಚಳಕ್ ಅಂತು. ಹಿಟ್ಟು ನೆಲದ ಪಾಲು. ಸ್ಕ್ಯಾನ್ ಮಾಡಿದರು, ಹೊಲಿಗೆ ಗಟ್ಟಿಯಾಗಿತ್ತು, ನನ್ನ ಪುಣ್ಯ. ಆದರೂ ಹತ್ತು ದಿನ ವ್ಯಾಯಾಮ ಹಿಂದಕ್ಕೆ ಹೋಯಿತು. ಡಾಕ್ಟರು ಬೈಯಲಿಲ್ಲ, "ಕಾಫಿ ಲೋಟಕ್ಕಿಂತ ಭಾರದ್ದು ಬೇಡ" ಅಂದರು ಅಷ್ಟೆ. ಅದೇ ಮಾತನ್ನು ಅತ್ತೆ ದಿನಕ್ಕೆ ಹತ್ತು ಸಲ ಹೇಳತೊಡಗಿದರು.

ನನ್ನ ವಾರದ ಲೆಕ್ಕ ನಿಮಗೆ ಹೊಂದಬೇಕಂತಿಲ್ಲ. ಹರಿದದ್ದು ದೊಡ್ಡದಿದ್ದರೆ ಇನ್ನೂ ನಿಧಾನ, ನಾರು ಹೊಲಿಯದೆ ಬರೀ ಒಳಗೆ ಸವರಿ ಸರಿಮಾಡಿದ್ದರೆ ಬೇಗ. ನಿಮ್ಮ ಡಾಕ್ಟರನ್ನೇ ಕೇಳಿ. ಜ್ವರ ಬಂದರೆ, ತೂತಿನಿಂದ ಕೀವು ಸೋರಿದರೆ ಮರುದಿನಕ್ಕೆ ಕಾಯಬೇಡಿ.

ಈಗ ದೋಸೆ ಹುಯ್ಯುತ್ತೇನೆ, ಜಡೆ ಹಾಕಿಕೊಳ್ಳುತ್ತೇನೆ, ಬಟ್ಟೆ ಹಿಂಡುವುದು ಮಾತ್ರ ಇನ್ನೂ ಇವರ ಪಾಲಿಗೆ. ಎಲ್ಲಕ್ಕಿಂತ ಕಡೆಗೆ ಬಂದದ್ದು ಬೆನ್ನ ಹಿಂದೆ ಕೈ ಹೋಗುವುದು. ಹೋದ ತಿಂಗಳು ನಾದಿನಿ ಮಗನ ಮದುವೆಗೆ ಹೊರಟಾಗ, ಸೀರೆಯ ಮೊದಲ ಸುತ್ತನ್ನು ಬೆನ್ನ ಹಿಂದಿನಿಂದ ನನ್ನ ಬಲಗೈಯೇ ಹಿಡಿದು ತಂದಿತು. ಯಾರನ್ನೂ ಕೂಗಲಿಲ್ಲ.