ದಾವಣಗೆರೆ ಸೆಕೆಯಲ್ಲಿ ಶುಂಠಿ ಬಿಯರ್

ನಮ್ಮನೆ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಒಂದು ಗಾಜಿನ ಜಾಡಿ ಇದೆ. ಶುಂಠಿ, ಸಕ್ಕರೆ, ನೀರು ಬಿಟ್ಟು ಅದರಲ್ಲಿ ಬೇರೇನೂ ಇಲ್ಲ. ಮೂರು ಬೇಸಿಗೆಯಿಂದ ಈ ಜಾಡಿಯ ನೀರು ಹಾಕಿಯೇ ಸೋಡಾದಂತೆ ಗುಳ್ಳೆಯೇಳುವ ಶುಂಠಿ ಬಿಯರ್ ಮಾಡುತ್ತಿದ್ದೇನೆ.

ಮೊದಲು ಆಸೆಪಟ್ಟಿದ್ದು ಬಾರ್ಲಿ ಬಿಯರಿಗೆ. ಅಡಿಗೆಮನೆ ಕಟ್ಟೆ ಮೇಲಿಟ್ಟು ಬಿಯರ್ ಮಾಡಿಕೊಳ್ಳುವ ಯಂತ್ರಗಳು ಹೊರದೇಶಗಳಲ್ಲಿ ಸಿಗುತ್ತವೆ ಅಂತ ಓದಿದ್ದೆ. ಆದರೆ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆ. ಕಾಯ್ದೆ ಇಲ್ಲದಿದ್ದರೂ ನಮ್ಮೂರ ಸೆಕೆ ಬಿಡುತ್ತಿರಲಿಲ್ಲ. ಏಲ್ ಎಂಬ ಬಗೆಯ ಬಿಯರಿನ ಯೀಸ್ಟಿಗೆ, ಅಂದರೆ ಅದನ್ನು ಹುಳಿಸುವ ಸೂಕ್ಷ್ಮಜೀವಿಗೆ, 18ರಿಂದ 22 ಡಿಗ್ರಿ ಹಿತ, ಲಾಗರ್ ಬಗೆಯ ಬಿಯರಿನ ಯೀಸ್ಟಿಗೆ ಇನ್ನೂ ತಂಪು ಬೇಕು. ಏಪ್ರಿಲ್‌ನಲ್ಲಿ 38 ಡಿಗ್ರಿ ಮುಟ್ಟುವ ದಾವಣಗೆರೆಯಲ್ಲಿ ಅಷ್ಟು ತಂಪನ್ನು ಎಲ್ಲಿಂದ ತರೋದು? ಶುಂಠಿಯ ಸಿಪ್ಪೆಗೆ ಅಂಟಿಕೊಂಡೇ ಬರುವ ಯೀಸ್ಟಿಗೆ ಈ ಸೆಕೆ ಒಗ್ಗುತ್ತದೆ. ಅದಕ್ಕೇ ಈ ದಾರಿ ಹಿಡಿದೆ.

ಶುರು ಮಾಡುವುದು ಹೆಪ್ಪಿನಿಂದ. ಅರ್ಧ ಲೀಟರ್ ನೀರಿಗೆ ಎರಡು ಚಮಚ ತುರಿದ ಹಸಿಶುಂಠಿ, ಎರಡು ಚಮಚ ಸಕ್ಕರೆ. ಬಾಯಿಗೆ ತೆಳು ಬಟ್ಟೆ ಕಟ್ಟಿ, ದಿನಾ ಒಂದೊಂದು ಚಮಚ ಶುಂಠಿ, ಸಕ್ಕರೆ ಹಾಕಿ ಕದಡಬೇಕು. ನನ್ನ ಮೊದಲ ಜಾಡಿ ಆರು ದಿನವಾದರೂ ಅಲುಗಲಿಲ್ಲ. ಎರಡು ತಪ್ಪು ಮಾಡಿದ್ದೆ. ಒಂದು, ಶುಂಠಿಯ ಸಿಪ್ಪೆ ಹೆರೆದು ಹಾಕಿದ್ದೆ. ಬೇಕಾದ ಜೀವಿಗಳೆಲ್ಲ ಇರುವುದು ಆ ಸಿಪ್ಪೆಯಲ್ಲೇ. ಇನ್ನೊಂದು, ನಲ್ಲಿ ನೀರನ್ನು ಹಾಗೇ ಸುರಿದಿದ್ದೆ. ಕುಡಿಯುವ ನೀರಿಗೆ ಹಾಕುವ ಕ್ಲೋರಿನ್ ಕೆಟ್ಟ ಕ್ರಿಮಿಯನ್ನು ಕೊಲ್ಲುವ ಹಾಗೆ ನಮಗೆ ಬೇಕಾದದ್ದನ್ನೂ ಬಿಡುವುದಿಲ್ಲ. ಈಗ ನೀರು ಕುದಿಸಿ, ಪೂರ್ತಿ ಆರಿಸಿ ಹಾಕುತ್ತೇನೆ. ಮಾರ್ಕೆಟ್ಟಿನಲ್ಲಿ ಬೆಳ್ಳಗೆ ತೊಳೆದಿಟ್ಟ ಶುಂಠಿ ಬಿಟ್ಟು, ಶಿಕಾರಿಪುರ, ಸೊರಬದ ಕಡೆಯಿಂದ ಬರುವ ಮಣ್ಣು ಮೆತ್ತಿದ ಬೆರಳುಗಳನ್ನೇ ಆರಿಸಿ ತರುತ್ತೇನೆ. ಮಣ್ಣು ಹೋಗುವಷ್ಟು ಮಾತ್ರ ತೊಳೆದು, ಸಿಪ್ಪೆ ಸಮೇತ ತುರಿಯುತ್ತೇನೆ.

ಎರಡನೇ ಜಾಡಿ ಮೂರನೇ ದಿನಕ್ಕೇ ಎದ್ದಿತು. ತುರಿಯೆಲ್ಲ ಮೇಲೆ ತೇಲಿ, ಅದರ ಸಂದಿಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಏರಿ ಬರುತ್ತಿದ್ದವು. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಚಿರ್ ಚಿರ್ ಸದ್ದು, ಗೋಲಿ ಸೋಡ ಗ್ಲಾಸಿಗೆ ಸುರಿದ ಮೇಲೆ ಕೊನೆಗೆ ಉಳಿಯುತ್ತದಲ್ಲ, ಅಂಥದ್ದು. ಅವ್ವನನ್ನು ಕರೆದು ಕೇಳಿಸಿದೆ. ‘ಜೀವ ಐತಲ್ಲೋ ಇದಕ್ಕೆ’ ಅಂದಳು.

ಜೀವ ಇರುವುದು ನಿಜವೇ. ಇಂಗ್ಲೆಂಡಿನ ಮನೆಗಳಲ್ಲಿ ಶುಂಠಿ ಬಿಯರಿಗೆ ಹೆಪ್ಪಾಗಿ ಬಳಸುತ್ತಿದ್ದ ಹರಳಿನಂಥ ಮುದ್ದೆಯನ್ನು ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ ಬಿಡಿಸಿ ನೋಡಿ, 1892ರಲ್ಲಿ ಪ್ರಕಟಿಸಿದ. ಒಂದು ಯೀಸ್ಟ್, ಒಂದು ಬ್ಯಾಕ್ಟೀರಿಯಾ, ಎರಡೂ ಕೂಡಿ ಬಾಳುತ್ತವೆ ಅಂತ ತೋರಿಸಿದ. ಅದಕ್ಕೂ ಮೊದಲು ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ) ಕಾಫಿಯ ಎಲೆ ತುಕ್ಕು ರೋಗವನ್ನು ಅಭ್ಯಾಸ ಮಾಡಿದವನೂ ಅವನೇ. ನಮ್ಮ ಮಲೆನಾಡಿನ ತೋಟದವರು ಇವತ್ತಿಗೂ ಬೈಯುವ ರೋಗ ಅದು. ನನ್ನ ಜಾಡಿಯಲ್ಲಿರುವುದು ಆ ಮುದ್ದೆಯಲ್ಲ, ಶುಂಠಿಯೊಂದಿಗೆ ತಾನಾಗಿ ಬಂದ ಬಳಗ. ಕೆಲಸ ಮಾತ್ರ ಅದೇ ಜಾತಿಯದು: ಯೀಸ್ಟ್ ಸಕ್ಕರೆ ತಿಂದು ಗ್ಯಾಸು ಬಿಡುತ್ತದೆ, ಬ್ಯಾಕ್ಟೀರಿಯಾ ಹುಳಿ ಕೊಡುತ್ತದೆ.

ಬಿಯರ್ ಮಾಡುವುದು ಅರ್ಧ ಗಂಟೆಯ ಕೆಲಸ. ಎರಡು ಲೀಟರಿಗೆ 100 ಗ್ರಾಂ ಶುಂಠಿ ಜಜ್ಜಿ, 200 ಗ್ರಾಂ ಸಕ್ಕರೆ ಹಾಕಿ, ಒಂದು ಲೀಟರ್ ನೀರಿನಲ್ಲಿ ಹದಿನೈದು ನಿಮಿಷ ಕುದಿಸುತ್ತೇನೆ. ಸೋಸಿ, ಕುದಿಸಿ ಆರಿಸಿದ ಇನ್ನೊಂದು ಲೀಟರ್ ನೀರು, ಎರಡು ನಿಂಬೆಹಣ್ಣಿನ ರಸ ಸೇರಿಸುತ್ತೇನೆ. ಒಮ್ಮೆ ಬೆಲ್ಲ ಹಾಕಿ ನೋಡಿದೆ, ಬಣ್ಣ ಚೆನ್ನಾಗಿ ಬಂತು, ಆದರೆ ಶುಂಠಿಯ ಖಾರ ಹಿಂದೆ ಬಿತ್ತು; ಮತ್ತೆ ಹಾಕಿಲ್ಲ. ಪಾತ್ರೆ ಮುಟ್ಟಿದರೆ ಬಿಸಿ ಅನ್ನಿಸಬಾರದು, ಆಗಲೇ ಅರ್ಧ ಲೋಟ ಹೆಪ್ಪಿನ ನೀರು ಸೋಸಿ ಬೆರೆಸಬೇಕು. ಬಿಸಿಗೆ ಹಾಕಿದರೆ ಯೀಸ್ಟ್ ಸಾಯುತ್ತದೆ. ಆಮೇಲೆ ಬಾಟಲಿ.

ಈ ಬಾಟಲಿ ವಿಷಯವನ್ನು ಬಿಡಿಸಿ ಹೇಳಬೇಕು. ನಾನು ಓದಿದ ಪಾಕವಿಧಾನದಲ್ಲಿ ಮೂರು ದಿನ ಹೊರಗಿಡಿ ಅಂತ ಇತ್ತು. ಅದು ತಣ್ಣನೆ ಊರಿನವರು ಬರೆದದ್ದು. ಮೊದಲ ವರ್ಷ ಏಪ್ರಿಲ್‌ನಲ್ಲಿ, ಜ್ಯೂಸಿನ ನಾಲ್ಕು ಗಾಜಿನ ಬಾಟಲಿ ತುಂಬಿ ಅಟ್ಟದ ಮೇಲಿಟ್ಟೆ. ಎರಡನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಪಟಾಕಿ ಹೊಡೆದಂತೆ ಸದ್ದಾಯಿತು. ಗಾಜಿನ ಚೂರು ಅಡಿಗೆಮನೆ ಬಾಗಿಲವರೆಗೂ ಸಿಡಿದಿತ್ತು. ಅವ್ವ ಐದು ನಿಮಿಷದ ಹಿಂದಷ್ಟೇ ಅಲ್ಲಿಂದ ಅನ್ನದ ಪಾತ್ರೆ ತಂದಿದ್ದಳು. ಅದನ್ನು ನೆನೆದರೆ ಈಗಲೂ ಎದೆ ಧಸಕ್ಕನ್ನುತ್ತದೆ. ಉಳಿದ ಮೂರನ್ನು ದಪ್ಪ ಕಂಬಳಿ ಸುತ್ತಿ ಹಿತ್ತಲಿಗೆ ಒಯ್ದು ಮುಚ್ಚಳ ಸಡಿಲಿಸಿದೆ.

ಅವತ್ತು ರಾತ್ರಿ ಅವ್ವ ದೋಸೆಗೆ ರುಬ್ಬುತ್ತಾ ಕೇಳಿದ್ದು: ‘ಹಿಟ್ಟು ಉಬ್ಬೇತೇನು ಅಂತ ಮುಟ್ಟಿ ನೋಡ್ತೀವಿ. ಚಳಿಗಾಲದಾಗ ರಾತ್ರಿಯೆಲ್ಲ ಬೇಕು, ಬ್ಯಾಸಗ್ಯಾಗ ನಡುರಾತ್ರಿಗೇ ಉಕ್ಕತೈತಿ. ನೀನ್ಯಾಕೋ ದಿನ ಎಣಿಸ್ತಿ?’

ಆವತ್ತಿನಿಂದ ದಿನ ಎಣಿಸುವುದು ಬಿಟ್ಟೆ. ಗಾಜು ಬಿಟ್ಟು, ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿ ಹಿಡಿದೆ. ಬಾಯಿಂದ ಮೂರು ಬೆರಳು ಕೆಳಗಿನವರೆಗೆ ತುಂಬಿ, ಮುಚ್ಚಳ ಬಿಗಿದು, ಅಟ್ಟದ ಬದಲು ನೆಲದ ಮೂಲೆಯಲ್ಲಿ ಬಕೆಟ್ಟಿನೊಳಗೆ ನಿಲ್ಲಿಸುತ್ತೇನೆ. ನಾಲ್ಕು ತಾಸಿಗೊಮ್ಮೆ ಬಾಟಲಿಯ ಹೊಟ್ಟೆ ಒತ್ತಿ ನೋಡುವುದು. ತುಂಬಿದಾಗ ಬೆರಳು ಒಳಗೆ ಹೋಗುತ್ತದೆ. ಆಮೇಲೆ ಸ್ವಲ್ಪ ತಡೆಯುತ್ತದೆ. ಕೊನೆಗೆ ಅಂಗಡಿಯಿಂದ ತಂದ ಹೊಸ ಸೋಡಾ ಬಾಟಲಿಯಷ್ಟೇ ಕಲ್ಲಾಗುತ್ತದೆ. ಆಗ ತಡ ಮಾಡದೆ ಫ್ರಿಜ್ಜಿಗೆ. ಏಪ್ರಿಲ್‌ನಲ್ಲಿ ಹನ್ನೆರಡರಿಂದ ಹದಿನೆಂಟು ತಾಸು ಸಾಕು, ಡಿಸೆಂಬರಿನಲ್ಲಿ ಎರಡು ದಿನ ದಾಟಿದ್ದೂ ಇದೆ. ಫ್ರಿಜ್ಜಿನಲ್ಲೂ ಅದು ಪೂರ್ತಿ ಮಲಗುವುದಿಲ್ಲ, ನಾಲ್ಕೈದು ದಿನದೊಳಗೆ ಕುಡಿದು ಮುಗಿಸುತ್ತೇವೆ. ಹೊರಗೆ ಹೆಚ್ಚು ಬಿಟ್ಟಷ್ಟೂ ಸಿಹಿ ಇಳಿದು ಮದ್ಯದ ಅಂಶ ಏರುತ್ತದೆ. ಬೇಗ ತಣಿಸಿದರೂ ಅದು ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಅದಕ್ಕೇ ಮಕ್ಕಳಿಗೆ, ಬಸುರಿಯರಿಗೆ ಕೊಡುವುದಿಲ್ಲ. ಅವರಿಗೆ ಹೆಪ್ಪು ಬೆರೆಸುವ ಮೊದಲೇ ಒಂದು ಜಗ್ಗು ಶರಬತ್ತು ತೆಗೆದಿಡುತ್ತೇನೆ.

ಸಂಜೆ ಮಂಡಕ್ಕಿ ಮೆಣಸಿನಕಾಯಿ ಜೊತೆ ಕುಡಿಯಬೇಕು ಇದನ್ನು. ಮೆಣಸಿನಕಾಯಿಯ ಖಾರ ನಾಲಿಗೆ ತುದಿಗೆ, ಶುಂಠಿಯದು ಗಂಟಲಿಗೆ.

ಹೋದ ತಿಂಗಳು ಎದುರುಮನೆ ಹುಡುಗ ಸಂಜೆ ಲೋಟ ಹಿಡಿದು ಬಂದ, ‘ಅಣ್ಣಾ, ಸ್ವಲ್ಪ ಶುಂಠಿ ಹೆಪ್ಪು ಕೊಡ್ರಿ’ ಅಂತ. ನಾನು ಜಾಡಿ ತೆಗೆಯಲು ಎದ್ದೆ. ಒಳಗಿನಿಂದ ಅವ್ವ ಕೂಗಿದಳು: ‘ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರದಪ್ಪ. ನಾಳೆ ಬೆಳಗ್ಗೆ ಬಂದು ಒಯ್ಯಿ.’